ನೂರು ರೂಪಾಯಿಯ ಚಿಪ್ಪು

ಬದಿಯಡ್ಕದಿಂದ ಹೊರಟ ಜೀಪು
ಕೆಂಪು ಧೂಳಿನ ತಿರುವಿನಲ್ಲಿ ನಮ್ಮನ್ನು ಇಳಿಸಿತು.
ಬೋರ್ಡು ಮಲಯಾಳದಲ್ಲಿ. ಅದರ ಕೆಳಗೆ ಯಾರೋ
ಇದ್ದಿಲಿನಿಂದ ಕನ್ನಡದಲ್ಲಿ ಗೀಚಿದ್ದರು: ಮುತ್ತು ಇಲ್ಲಿ.
ಬಾಣದ ಗುರುತು ಮಾತ್ರ ಆಕಾಶಕ್ಕೆ.

ಟಿಕೇಟು ಐವತ್ತು, ಅರವತ್ತು ದಾಟಿದವರಿಗೆ ಮೂವತ್ತು.
ಅಮ್ಮ ವಯಸ್ಸು ಹೇಳಲಿಲ್ಲ,
'ನಾನು ಈ ಗುಂಡಿಗೆ ಬುತ್ತಿ ಹೊತ್ತವಳು' ಅಂದಳು.
ಕೌಂಟರಿನ ಹುಡುಗನಿಗೆ ತಲೆಬುಡ ತಿಳಿಯಲಿಲ್ಲ,
ಐವತ್ತೇ ಹರಿದುಕೊಟ್ಟ.

ಗುಂಡಿಯೆಂದರೆ ಕೋರೆ.
ಮಿಷನು ಬರುವ ಮೊದಲು ನನ್ನಪ್ಪ ಐತಪ್ಪ
ಹದಿನಾಲ್ಕು ವರ್ಷ ಕೆಂಪುಕಲ್ಲು ಕಡಿದ ಕೋರೆ.
ಈಗ ಅದರ ತುಂಬ ನೀರು, ಹಸಿರು, ಅಲುಗದ್ದು.
ಮೇಲೆ ಬಿಳಿ ಪೈಪು, ಪೈಪಿಗೆ ಬಲೆ,
ಬಲೆಗೆ ಎರಡೆರಡು ಚಿಪ್ಪು,
ಅಂಗಡಿಯ ಮಾಡಿಗೆ ತೂಗಿಬಿಟ್ಟ ಈರುಳ್ಳಿಯ ಹಾಗೆ.

ಅನ್ಸೀರಾ, ಕಾಲಿಗೆ ರಬ್ಬರ್ ಬೂಟು,
ನಮಗೆ ಕನ್ನಡದಲ್ಲಿ ವಿವರಿಸುತ್ತಾಳೆ,
ಪಯ್ಯನ್ನೂರಿನ ಹೊಸ ಜೋಡಿಗೆ ಮಲಯಾಳದಲ್ಲಿ.
ನೀರಿಂದ ಚಿಪ್ಪನ್ನು ಎತ್ತುವಾಗ ಮಾತ್ರ
ಅದಕ್ಕೇ ಮೆಲ್ಲಗೆ ಬ್ಯಾರಿಯಲ್ಲಿ ಏನೋ ಅನ್ನುತ್ತಾಳೆ,
ನಿದ್ದೆಗೆಟ್ಟ ಮಗುವಿಗೆ ಅಂದಂತೆ.

'ಬಾಯಿ ಇಷ್ಟೇ ತೆರೆಸಬೇಕು, ಒಂದು ಭತ್ತದಗಲ.
ಹೆಚ್ಚಾದರೆ ಸಾಯ್ತದೆ.'
ತಟ್ಟೆಯಲ್ಲಿ ಅಚ್ಚುಗಳು: ಉಗುರಿನಷ್ಟು ಗಣಪತಿ,
ಶಿಲುಬೆ, ಅರ್ಧಚಂದ್ರ, ಒಂದು ಹೃದಯ.
'ಏನಿಟ್ಟರೂ ಒಂದೂವರೆ ವರ್ಷ ಬಳಿದು ಬಳಿದು
ಹೊಳಪು ಮಾಡಿಕೊಡ್ತದೆ. ಯಾರದ್ದು ಅಂತ ಕೇಳುವುದಿಲ್ಲ.'
ಜೋಡಿ ಹೃದಯಕ್ಕೆ ಮುಂಗಡ ಕೊಟ್ಟಿತು.
ಅಮ್ಮ ಕೇಳಿದಳು: 'ಒಳಗಿನ ಮಾಂಸ ಎಂತ ಮಾಡ್ತೀರಿ?
ಮರುವಾಯಿಯ ಹಾಗೆ ಸುಕ್ಕ ಆಗ್ತದಾ?'
'ಬಾತುಕೋಳಿಗೆ ಹಾಕುವುದು ಅಮ್ಮಾ.'
'ಪುಣ್ಯ ಮಾಡಿದ ಬಾತುಕೋಳಿ.'

ಆಮೇಲೆ ನೋಡಿದರೆ ಅಮ್ಮ ಇಲ್ಲ.
ಕೋರೆಯ ಆ ತುದಿಯಲ್ಲಿ, ಹುಬ್ಬಿಗೆ ಕೈ ಅಡ್ಡ ಹಿಡಿದು,
ನೀರನ್ನಲ್ಲ, ಎದುರಿನ ಗೋಡೆಯನ್ನು ನೋಡುತ್ತಿದ್ದಾಳೆ.
ಗೋಡೆಯ ಉದ್ದಕ್ಕೂ ಕೊಡಲಿಯ ಗೀರು,
ಎಲ್ಲ ಒಂದೇ ಕಡೆಗೆ ವಾಲಿದ್ದು.
ಮೂಲೆಯಲ್ಲಿ, ಒಂದಾಳಿನಗಲ ಜಾಗದಲ್ಲಿ,
ತಿರುಗಿ ವಾಲಿದ್ದು.

'ಎಡಚ ಅಲ್ವಾ ಅವರು.
ಪಕ್ಕದವನಿಗೆ ಕೊಡಲಿ ತಾಗ್ತದೆ ಅಂತ
ಮೇಸ್ತ್ರಿ ಯಾವಾಗಲೂ ಮೂಲೆಗೆ ನಿಲ್ಲಿಸ್ತಿದ್ದ.'
ಬೆರಳು ಮೇಲಿನಿಂದ ಇಳಿಯಿತು, ಒಂದೊಂದೇ ಸಾಲು:
'ಅದು ಮದುವೆಗೆ ಮೊದಲಿನದ್ದು.
ಆ ಬೇರು ಇಣುಕಿದಲ್ಲಿ ನನ್ನನ್ನು ತಂದದ್ದು.
ನೀನು ಹುಟ್ಟಿದ್ದು ಅಗೋ, ಪೈಪಿನಿಂದ ಒಂದು ಗೇಣು ಮೇಲೆ.
ನಿನ್ನ ತಮ್ಮ...' ಬೆರಳು ನಿಂತಿತು.
'ಅವನು ನೀರೊಳಗೆ.'

ತಮ್ಮ ಚೆರ್ಕಳದಲ್ಲಿ ಟಯರಿನಂಗಡಿ ಇಟ್ಟುಕೊಂಡಿದ್ದಾನೆ,
ದಪ್ಪಗಿದ್ದಾನೆ, ಹಾಗೆ ಹೇಳಿದರೆ ನಗುತ್ತಾನೆ.
ಆದರೂ ನಾನು ಬಗ್ಗಿ ನೋಡಿದೆ.
ಹಸಿರು. ಅದರಡಿ ಇನ್ನೂ ಹಸಿರು.
ಬಲೆಗಳು ತೂಗುವ ಆಳದಲ್ಲಿ
ಅಪ್ಪ ಇನ್ನೂ ಎಷ್ಟು ಸಾಲು ಇಳಿದಿದ್ದಾನೋ.

ಹೊರಡುವ ಮೊದಲು, ನೂರು ರೂಪಾಯಿ ಕೊಟ್ಟರೆ
ಒಂದು ಚಿಪ್ಪು ಆರಿಸಬಹುದು,
ಒಳಗಿದ್ದದ್ದು ನಿಮಗೆ.
ಅಮ್ಮ ಆರಿಸಿದ್ದು ಆ ಮೂಲೆಯ ಬಲೆಯಿಂದ.
ಅನ್ಸೀರಾ ಚೂರಿ ಹಾಕಿದಳು, ತಡಕಿದಳು,
ಬೆರಳಿನಿಂದ ಮತ್ತೆ ತಡಕಿದಳು. ಏನಿಲ್ಲ.
'ಇಟ್ಟದ್ದನ್ನು ಉಗಿದುಬಿಟ್ಟಿದೆ ಅಮ್ಮಾ. ಕೆಲವು ಹೀಗೇ.
ಬೇರೆ ಕೊಡ್ತೇನೆ.'

ಅಮ್ಮ ನಕ್ಕಳು. ನಗು ನಾಲ್ಕೂ ಗೋಡೆಗೆ ಬಡಿದು
ವಾಪಸು ಬಂದು ಬಾತುಕೋಳಿಗಳ ಕತ್ತು ಎತ್ತಿಸಿತು.
'ಬೇರೆ ಬೇಡ ಮಗಾ.
ಬೇಡದ್ದನ್ನು ಉಗಿಯಲಿಕ್ಕೆ ಒಂದಕ್ಕಾದರೂ ಗೊತ್ತುಂಟಲ್ಲ.'

ಜೀಪಿನಲ್ಲಿ ಸೆರಗಿನ ಗಂಟು ಬಿಚ್ಚಿ ತೆಗೆದಳು.
ಚಿಪ್ಪಿನೊಳಗೆ ಪಾರಿವಾಳದ ಕತ್ತಿನ ಬಣ್ಣ.
ಅದನ್ನವಳು ನೋಡಲೇ ಇಲ್ಲ,
ಅಂಚಿಗೆ ಹೆಬ್ಬೆರಳು ಒತ್ತಿ ಹರಿತ ನೋಡಿದಳು:
'ಮಾವಿನಕಾಯಿ ಸಿಪ್ಪೆ ಕೆರೆಯಲಿಕ್ಕೆ ಆದೀತು.'